ಎಸರು ಇಟ್ಟ ಮೇಲೆ ಹದಕ್ಕೆ ಬಂದ ಆಟದ ಹಿಟ್ಟು

ಮಗನ ಆಟಕ್ಕೆಂದು ಹಿಟ್ಟನ್ನು ಮೊದಲ ಸಲ ಮಾಡಿದ್ದು ತಣ್ಣೀರಿನಲ್ಲಿ. ಒಂದು ಲೋಟ ಮೈದಾ, ಅರ್ಧ ಲೋಟ ಪುಡಿ ಉಪ್ಪು, ಕಲಸುವಷ್ಟು ನೀರು. ಹತ್ತೇ ನಿಮಿಷದಲ್ಲಿ ಅದು ಮಗನ ಬೆರಳಿಗೆ, ಕೂದಲಿಗೆ, ಕೊನೆಗೆ ಸೋಫಾಕ್ಕೂ ಅಂಟಿತು. ಮಂಗಳೂರಿನ ಜೂನ್ ತಿಂಗಳು. ಡಬ್ಬಿಯ ಮುಚ್ಚಳ ಸಡಿಲವಾಗಿತ್ತೇನೋ, ಉಪ್ಪು ಗಾಳಿಯ ತೇವವನ್ನೆಲ್ಲ ಹೀರಿ ಮಾರನೆಯ ದಿನಕ್ಕೆ ಒಳಗೆ ಬರೀ ಗಂಜಿ.

ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ಧಾರವಾಡದಿಂದ ನಗು ಕೇಳಿಸಿತು: "ಎಸರು ಇಡಲಾರದ ನಾದಿದ್ರ ಹಿಟ್ಟು ಹೆಂಗ ಹದಕ್ಕ ಬರ್ತೈತಿ?" ಜೋಳದ ರೊಟ್ಟಿಗೆ ಎಸರು ಹಾಕಿಯೇ ನಾದುವ ನನಗೆ ಇದು ಹೊಳೆದಿರಲಿಲ್ಲ. ಇಲ್ಲಿ ಪಕ್ಕದ ಮನೆಯವರು ಅಕ್ಕಿ ಹಿಟ್ಟು ಉಕ್ಕರಿಸುವುದೂ ಅದೇ ಲೆಕ್ಕ. ಬಿಸಿಗೆ ಹಿಟ್ಟು ಬೆಂದು ನೀರನ್ನು ಒಳಗೆ ಹಿಡಿದುಕೊಳ್ಳುತ್ತದೆ, ಕೈಗೆ ಅಂಟುವುದಿಲ್ಲ.

ಈಗ ಮಾಡುವುದು ಹೀಗೆ. ಒಂದು ಲೋಟ ನೀರಿಗೆ ಅರ್ಧ ಲೋಟ ಉಪ್ಪು, ಒಂದು ದೊಡ್ಡ ಚಮಚ ಎಣ್ಣೆ, ಒಂದು ನಿಂಬೆಹಣ್ಣಿನ ರಸ ಹಾಕಿ ಕುದಿಸುತ್ತೇನೆ. ಉರಿ ಸಣ್ಣ ಮಾಡಿ ಒಂದು ಲೋಟ ಮೈದಾ ಸುರಿದು ತಿರುವಿದರೆ ಎರಡು ಮೂರು ನಿಮಿಷಕ್ಕೆ ತಳ ಬಿಟ್ಟು ಉಂಡೆಯಾಗುತ್ತದೆ. ಆರಿದ ಮೇಲೆ ಚೆನ್ನಾಗಿ ನಾದಬೇಕು. ವಿದೇಶಿ ವಿಧಾನದಲ್ಲಿ ಬರುವ ಕ್ರೀಮ್ ಆಫ್ ಟಾರ್ಟರ್ ಎಂಬ ಹುಳಿ ಪುಡಿಗಾಗಿ ನಾನು ಅಂಗಡಿ ಅಂಗಡಿ ಅಲೆದದ್ದು ದಂಡ. ಬೇಕಾದದ್ದು ಹುಳಿ, ಅದಕ್ಕೆ ನಿಂಬೆ ಸಾಕು. ಬರೀ ಅಕ್ಕಿ ಹಿಟ್ಟಿನಲ್ಲೂ ಮಾಡಿ ನೋಡಿದೆ. ಬಿಸಿಯಿದ್ದಾಗ ಬೆಣ್ಣೆಯಂತಿದ್ದದ್ದು ತಣ್ಣಗಾದಂತೆ ಬಿರುಕು ಬಿಟ್ಟಿತು. ಮೈದಾದ ಜಿಗುಟು ಅದಕ್ಕಿಲ್ಲ.

ಬಣ್ಣಕ್ಕೆ ಅರಿಸಿನ, ಬೀಟ್‌ರೂಟ್ ರಸ. ಬೀಟ್‌ರೂಟ್ ಒಂದೆರಡು ದಿನಕ್ಕೆ ಮಂಕಾಗುತ್ತದೆ, ಇರಲಿ. ಅರಿಸಿನದ್ದೇ ಮಜಾ. ಆಟ ಮುಗಿಸಿ ಕೈಗೆ ಸೋಪು ಹಚ್ಚಿದಾಗ ಹಳದಿ ಬೆರಳು ಕೆಂಪಾದವು, ಮಗ "ರಕ್ತ!" ಎಂದು ಕಿರುಚಿಕೊಂಡ. ಸೋಪಿನ ಕ್ಷಾರಕ್ಕೆ ಅರಿಸಿನ ಕೆಂಪಾಗುವುದು. ಸುಣ್ಣ ಸೇರಿಸಿದರೆ ಓಕುಳಿಯಾಗುವಂತೆ. ಆಮೇಲೆ ಒಂದು ವಾರ ಅವನಿಗೆ ಕೈ ತೊಳೆಯುವುದೇ ಆಟ.

ಉಪ್ಪಿನ ವಿಷಯದಲ್ಲಿ ನಾನು ಹಟಮಾರಿ. ಹಿಟ್ಟು ಬೇಗ ಕೆಡದಿರಲು ಅದು ಬೇಕು, ಆದರೆ ಅಷ್ಟು ಉಪ್ಪು ಹೊಟ್ಟೆಗೆ ಹೋದರೆ ಅಪಾಯ. ನಾಯಿಗಂತೂ ಇನ್ನೂ ಹೆಚ್ಚು. ಎಲ್ಲವನ್ನೂ ಬಾಯಿಗಿಡುವ ವಯಸ್ಸಿನ ತಂಗಿಯ ಮಗಳು ಬಂದಾಗ ಉಪ್ಪಿಲ್ಲದ ರಾಗಿ ಮುದ್ದೆಯನ್ನೇ ತಣ್ಣಗೆ ಮಾಡಿ ಕೊಟ್ಟೆ. ಅರ್ಧ ಆಡಿದಳು, ಅರ್ಧ ತಿಂದಳು. ಉಳಿದದ್ದನ್ನು ಅವತ್ತೇ ಎಸೆದೆ.

ಹಿಟ್ಟು ಬೇಸರವಾದ ದಿನ ಮೊರಕ್ಕೆ ರಾಗಿ ಸುರಿದು, ಕೆಳಗೆ ಹಳೆಯ ಬೆಡ್‌ಶೀಟ್ ಹಾಸಿ, ಎರಡು ಲೋಟ ಕೊಡುತ್ತೇನೆ. ಒಂದರಿಂದ ಇನ್ನೊಂದಕ್ಕೆ ಸುರಿಯುವುದು, ಅಷ್ಟೇ. ಮುಕ್ಕಾಲು ಗಂಟೆ ಮಾತಿಲ್ಲ! ಅತ್ತೆಗೆ ಮಾತ್ರ ಧಾನ್ಯದ ಜೊತೆ ಆಟ ಹಿಡಿಸುವುದಿಲ್ಲ. ಅವರು ಹೇಳುವುದರಲ್ಲಿ ತಪ್ಪೇನಿಲ್ಲ, ಅದಕ್ಕೇ ಆ ಒಂದು ಸೇರು ರಾಗಿಯನ್ನು ಬೇರೆ ಡಬ್ಬಿಯಲ್ಲಿಟ್ಟು ಮತ್ತೆ ಮತ್ತೆ ಬಳಸುತ್ತೇನೆ. ಕಾಳು ಮಾತ್ರ ಕೊಡುವುದಿಲ್ಲ. ಒಮ್ಮೆ ಕಡಲೆಕಾಳು ಮೂಗಿನ ಹತ್ತಿರ ಹೋದದ್ದನ್ನು ಕಂಡಿದ್ದೇನೆ. ಮೂಗಿನೊಳಗೆ ಸಿಕ್ಕಿದ ಕಾಳು ತೇವಕ್ಕೆ ಉಬ್ಬುತ್ತದೆ. ರಾಗಿಗೂ ನಾನು ಎದುರಿಗೇ ಕೂತಿರುತ್ತೇನೆ.

ಮಣ್ಣೆತ್ತಿನ ಅಮಾವಾಸ್ಯೆ ಬಂತು. ನಮ್ಮೂರಲ್ಲಾದರೆ ಎರೆಮಣ್ಣು ತಂದು ಜೋಡೆತ್ತು ಮಾಡುತ್ತಿದ್ದೆವು. ಇಲ್ಲಿ ಹೊರಗೆ ಜಡಿಮಳೆ, ಅಂಗಳದಲ್ಲಿ ಕೆಂಪು ಜಂಬಿಟ್ಟಿಗೆಯ ಜಲ್ಲಿ. ಹಾಗಾಗಿ ಮೈದಾದ ಎತ್ತು. ಮೈ ಭಾರಕ್ಕೆ ಕಾಲು ಬಾಗಿ ಎರಡು ಸಲ ಮಲಗಿತು. ಮದ್ದು ಮುರಿದು ತೆಗೆದ ಬೆಂಕಿಕಡ್ಡಿಗಳನ್ನು ಕಾಲೊಳಗೆ ಚುಚ್ಚಿದ ಮೇಲೆ ನಿಂತಿತು. ಕೋಡಿಗೆ ಬೀಟ್‌ರೂಟ್ ಹಿಟ್ಟು, ಕೊರಳಿಗೆ ಅರಿಸಿನ ಹಿಟ್ಟಿನ ಗೆಜ್ಜೆಸರ. ದೇವರ ಮುಂದಿಟ್ಟು ಮಲಗಿದೆವು.

ಬೆಳಗ್ಗೆ ಎದ್ದವನೇ ಮಗ ಓಡಿ ಬಂದ. ರಾತ್ರಿಯ ತೇವ ಕುಡಿದು ಎತ್ತಿನ ಬೆನ್ನ ಮೇಲೆಲ್ಲ ಸಣ್ಣ ಸಣ್ಣ ಹನಿ.

"ಅಮ್ಮಾ, ಎತ್ತು ಬೆವರ್ತಿದೆ. ರಾತ್ರಿ ಹೊಲಕ್ಕೆ ಹೋಗಿತ್ತಾ?"