ಸಿಗ್ನಲ್‌ನಲ್ಲಿ ಆಫ್ ಆಗುತ್ತಿದ್ದ ನನ್ನ ಹಳೆಯ ಆಟೋಮ್ಯಾಟಿಕ್ ಕಾರು

ಬೆಳಿಗ್ಗೆ ತಣ್ಣಗಿದ್ದಾಗ ಕಾರು ಚೆನ್ನಾಗಿಯೇ ಓಡುತ್ತಿತ್ತು. ಧಾರವಾಡದಿಂದ ಹುಬ್ಬಳ್ಳಿ ಕಡೆಗೆ ಓಡಿಸಿ, ಊರು ಸೇರುವ ಮೊದಲು ಸಿಗುವ ಉಣಕಲ್ ಹತ್ತಿರ ಬ್ರೇಕ್ ಹಾಕಿದರೆ ಸಾಕು, ಗಡಗಡ ನಡುಗಿ ಇಂಜಿನ್ ಆಫ್. ಹಿಂದೆ ಬಸ್ಸುಗಳ ಹಾರ್ನ್. ನಿಜಕ್ಕೂ ಭಯವಾಗುತ್ತಿತ್ತು.

ಮೊದಲು ಥ್ರಾಟಲ್ ಬಾಡಿ (ಇಂಜಿನ್‌ಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಭಾಗ) ಕ್ಲೀನ್ ಮಾಡಿಸಿದೆ. ಏನೂ ಬದಲಾಗಲಿಲ್ಲ. ಗೇರ್‌ಬಾಕ್ಸನ್ನೇ ಬಿಚ್ಚಬೇಕು ಎಂದರು ಒಂದು ಗ್ಯಾರೇಜಿನವರು. ಮನಸ್ಸು ಒಪ್ಪಲಿಲ್ಲ.

ಒಂದು ದಿನ ಬ್ರೇಕ್ ಹಾಕುತ್ತಲೇ ನ್ಯೂಟ್ರಲ್‌ಗೆ ತಂದೆ. ಇಂಜಿನ್ ಆಫ್ ಆಗಲೇ ಇಲ್ಲ! ಆಗ ಹೊಳೆಯಿತು: ಇದು ಕ್ಲಚ್ ಒತ್ತದೆ ಗಾಡಿ ನಿಲ್ಲಿಸಿದ ಹಾಗೇ ಅಲ್ವಾ? ಇಂತಹ ಆಟೋಮ್ಯಾಟಿಕ್ ಕಾರಿನಲ್ಲಿ ಇಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಆಯಿಲ್ ಮೂಲಕ ಶಕ್ತಿ ದಾಟಿಸುವ ಟಾರ್ಕ್ ಕನ್ವರ್ಟರ್ ಇರುತ್ತದೆ, ಅದರ ಒಳಗೆ ಲಾಕ್‌ಅಪ್ ಕ್ಲಚ್ ಇರುತ್ತದೆ. ಒಂದೇ ವೇಗದಲ್ಲಿ ಹೋಗುವಾಗ ಅದು ಇಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರವಾಗಿ ಜೋಡಿಸುತ್ತದೆ. ನಿಲ್ಲುವಾಗ ಬಿಡಬೇಕು. ನನ್ನದು ಬಿಡುತ್ತಿರಲಿಲ್ಲ.

ಪರಿಚಯದ ಮೆಕ್ಯಾನಿಕ್ ಅಣ್ಣ ಲಾಕ್‌ಅಪ್ ಸೊಲೆನಾಯ್ಡ್‌ನ (ಆ ಕ್ಲಚ್ಚನ್ನು ನಿಯಂತ್ರಿಸುವ ವಿದ್ಯುತ್ ವಾಲ್ವ್) ಕನೆಕ್ಟರ್ ತೆಗೆದರು. ಮತ್ತೆ ಅದೇ ದಾರಿಯಲ್ಲಿ ಓಡಿಸಿದೆವು. ಚೆಕ್ ಇಂಜಿನ್ ದೀಪ ಹೊತ್ತಿತು, ಆದರೆ ಇಂಜಿನ್ ಒಮ್ಮೆಯೂ ನಿಲ್ಲಲಿಲ್ಲ. ಸುಮ್ನೆ ಊಹಿಸುವುದಕ್ಕಿಂತ ಈ ಪರೀಕ್ಷೆ ಎಷ್ಟೋ ವಾಸಿ.

ಗೇರ್‌ಬಾಕ್ಸ್ ಇಳಿಸಲಿಲ್ಲ. ಅದರ ಕೆಳಗಿನ ಪ್ಯಾನ್ ಬಿಚ್ಚಿ ಸೊಲೆನಾಯ್ಡ್, ಫಿಲ್ಟರ್, ಗೇರ್‌ಬಾಕ್ಸ್ ಆಯಿಲ್ ಬದಲಿಸಿದೆವು. ಹಳೆಯ ಆಯಿಲ್ ಕಪ್ಪಾಗಿತ್ತು. ಕಾರಿನ ಪುಸ್ತಕದಲ್ಲಿ ಹೇಳಿದ ಆಯಿಲನ್ನೇ ಹಾಕಿ, ಬೇರೆಯದು ಬೇಡ. ಈಗ ಮೂರು ತಿಂಗಳಾಯಿತು, ಉಣಕಲ್ ಸಿಗ್ನಲ್‌ನಲ್ಲಿ ಒಮ್ಮೆಯೂ ಆಫ್ ಆಗಿಲ್ಲ.