ಜಿಪ್ಸಿಗೆ ಹೊಸ ಎಕ್ಸಾಸ್ಟ್ ಹಾಕ್ಸೋರು ಒಂದ್ಸಲ ಓದ್ಕೊಳ್ಳಿ

ನಮ್ಮ ಸಕಲೇಶಪುರದ ಕಡೆ ತೋಟದೋರ ಶೆಡ್ಡುಗಳಲ್ಲಿ ಜಿಪ್ಸಿ ಇನ್ನೂ ಇದಾವೆ, ಮಾರುತಿಯವ್ರು ಮಾಡೋದು ನಿಲ್ಲಿಸಿ ಇಷ್ಟು ವರ್ಷ ಆದ್ರೂ ಮಾರೋಕೆ ಯಾರಿಗೂ ಮನಸ್ಸಿಲ್ಲ. ಈ ಗಾಡೀಲಿ ಮತ್ತೆ ಮತ್ತೆ ಹೋಗೋದು ಸೈಲೆನ್ಸರ್. ಮಳೆ, ಕೆಸರು ಅಂತ ಎಲ್ರೂ ಹೇಳ್ತಾರೆ, ಅದು ಅರ್ಧ ಕಾರಣ ಅಷ್ಟೆ. ತೋಟದಿಂದ ಪೇಟೆಗೆ ಮೂರ್ನಾಲ್ಕು ಕಿಲೋಮೀಟರು, ಪೈಪು ಪೂರ್ತಿ ಬಿಸಿಯಾಗೋದ್ರೊಳಗೆ ಇಂಜಿನ್ ಆಫ್, ಪೆಟ್ರೋಲ್ ಉರಿದಾಗ ಬರೋ ನೀರಿನ ಆವಿ ಹೊರಗೆ ಹೋಗದೆ ಸೈಲೆನ್ಸರ್ ಒಳಗೇ ನೀರಾಗಿ ನಿಂತ್ಕೊಳತ್ತೆ, ಹಾಗಾಗಿ ತುಕ್ಕು ಒಳಗಿಂದಾನೂ ತಿಂತಾ ಬರತ್ತೆ. ಹೊರಗಿಂದ ಚೆನ್ನಾಗೇ ಕಾಣ್ತಿರತ್ತೆ, ಒಂದಿನ ಸ್ಕ್ರೂಡ್ರೈವರ್ ತಗೊಂಡು ಕುಟ್ಟಿದ್ರೆ ಸೀದಾ ತೂತು.

ಹೊಸದು ಹಾಕ್ಸೋದು ಅಂದ್ರೆ ಮೊದ್ಲು ಸೈಜು ತೀರ್ಮಾನ ಮಾಡ್ಕೊಳ್ಳಿ. ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರಿಂದ ಪೆಟ್ರೋಲ್ ಹೋಗೋ) ಜಿಪ್ಸಿದು 1298 ಸಿಸಿ, 80 ಎಚ್‌ಪಿ ಇಂಜಿನ್ನು. ಇದಕ್ಕೆ 1.75 ಇಂಚು ಪೈಪು ಧಾರಾಳ ಆಯ್ತು. ಶಾಪಲ್ಲಿ ಎರಡಿಂಚು, ಎರಡೂವರೆ ಇಂಚು ಹಾಕೋಣ ಸಾರ್ ಅಂತಾರೆ, ಬೇಡ ಅನ್ನಿ. ಪೈಪು ದೊಡ್ಡದಾದಷ್ಟೂ ಹೊಗೆಯ ವೇಗ ಕಮ್ಮಿ ಆಗತ್ತೆ, ಕಮ್ಮಿ ಆರ್‌ಪಿಎಂ ಅಲ್ಲಿ ಎಳೆತ ಬಿದ್ದೋಗತ್ತೆ, ನಮಗೆ 4 ಲೋ (ನಾಲ್ಕೂ ಚಕ್ರ ಎಳೆಯೋ ನಿಧಾನದ ಗೇರು) ಹಾಕಿ ಜಾರೋ ಏರು ಹತ್ತುವಾಗ ಬೇಕಾಗಿರೋದೇ ಆ ಎಳೆತ. ಪವರ್ ಜಾಸ್ತಿ ಆಗ್ಲಿ ಅಂತ ಈ ಕೆಲಸ ಮಾಡಿಸ್ಬೇಡಿ, ಬಾಳಿಕೆ ಬರ್ಲಿ, ಕಲ್ಲಿಗೆ ತಾಗದೆ ಇರ್ಲಿ, ಹೊಗೆ ಸೋರದೆ ಇರ್ಲಿ ಅಂತ ಮಾಡ್ಸಿ.

ಹೊಗೆಯ ವಿಷ ಕಮ್ಮಿ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಮುಟ್ಟಬೇಡಿ, ಅದರಿಂದ ಹಿಂದಕ್ಕೆ ಮಾತ್ರ ಬದಲಾಯಿಸಿ. ಆಕ್ಸಿಜನ್ ಸೆನ್ಸರ್ ಎಲ್ಲಿದ್ಯೋ ಅಲ್ಲೇ ಇರ್ಲಿ, ಅದರ ಮುಂದೆ ಎಲ್ಲಾದ್ರೂ ಸಣ್ಣ ಲೀಕ್ ಇದ್ರೂ ಹೊರಗಿನ ಗಾಳಿ ಒಳಗೆ ಸೇರಿ ಇಸಿಯುಗೆ (ಇಂಜಿನ್ ನಡೆಸೋ ಕಂಪ್ಯೂಟರ್) ಪೆಟ್ರೋಲ್ ಸಾಲ್ತಿಲ್ಲ ಅನ್ನೋ ತಪ್ಪು ಲೆಕ್ಕ ಹೋಗತ್ತೆ, ಅದು ಜಾಸ್ತಿ ಪೆಟ್ರೋಲ್ ಬಿಡತ್ತೆ, ಆಮೇಲೆ ಮೈಲೇಜ್ ಯಾಕೆ ಬಿತ್ತು ಅಂತ ಹುಡುಕ್ತಾ ಕೂರ್ಬೇಕು. ಸೌಂಡ್ ವಿಷ್ಯನೂ ಅಷ್ಟೆ, ಒರಿಜಿನಲ್ಲಿಗಿಂತ ಜೋರು ಇರ್ಬಾರ್ದು. ಶಬ್ದ, ಹೊಗೆ ಮಿತಿ ಮೀರಿದ್ರೆ ಮೋಟಾರು ವಾಹನ ಕಾಯ್ದೆಯ 190(2) ಸೆಕ್ಷನ್ ಪ್ರಕಾರ 10,000 ರೂಪಾಯಿವರೆಗೂ ದಂಡ, ಜೈಲೂ ಇದೆ. ಅದಿರ್ಲಿ, ಬೆಳಗಿನ ಜಾವ ತೋಟದ ಕೆಲಸದೋರ ಲೈನ್ ಮನೆಗಳ ಮುಂದೆ ಗಾಡಿ ಹೋದಾಗ ಮಲಗಿರೋ ಮಕ್ಕಳು ಬೆಚ್ಚಿ ಏಳೋದು ನಂಗಂತೂ ಇಷ್ಟ ಆಗಲ್ಲ.

ಮೆಟೀರಿಯಲ್ಲು ಎಸ್‌ಎಸ್ 304 (ಸ್ಟೇನ್‌ಲೆಸ್ ಸ್ಟೀಲ್), 16 ಗೇಜ್ ದಪ್ಪ ಕೇಳಿ. ಮೈಲ್ಡ್ ಸ್ಟೀಲ್ ಅಗ್ಗ, ಆದ್ರೆ ಮಲೆನಾಡಲ್ಲಿ ಬಾಳಿಕೆ ಬರಲ್ಲ. ಸತು ಲೇಪ ಇರೋ ನೀರಿನ ಜಿಐ ಪೈಪ್ ಉಪಯೋಗ್ಸೋಕೆ ಬಿಡ್ಲೇಬೇಡಿ, ವೆಲ್ಡ್ ಮಾಡುವಾಗ ಏಳೋ ಸತುವಿನ ಹೊಗೆ ವೆಲ್ಡರ್‌ಗೆ ಜ್ವರ ಬರ್ಸತ್ತೆ. ಬೆಂಡುಗಳು ಮ್ಯಾಂಡ್ರೆಲ್ ಬೆಂಡೇ (ಒಳಗೆ ಅಚ್ಚು ಇಟ್ಟು ಬಗ್ಗಿಸಿದ್ದು) ಆಗಿರ್ಬೇಕು, ಬರೀ ಒತ್ತಿ ಬಗ್ಗಿಸಿದ ಪೈಪು ತಿರುವಲ್ಲಿ ಚಪ್ಪಟೆ ಆಗಿರತ್ತೆ. ಇನ್ನೊಂದು, 304 ಬಿಸಿಗೆ ಜಾಸ್ತಿ ಹಿಗ್ಗತ್ತೆ, ಎರಡು ಮೀಟರ್ ಪೈಪು 300 ಡಿಗ್ರಿ ಬಿಸಿ ಏರಿದ್ರೆ ಹೆಚ್ಚುಕಮ್ಮಿ 10 ಎಂಎಂ ಉದ್ದ ಆಗತ್ತೆ, ಅದಕ್ಕೇ ಮಧ್ಯ ಬಳುಕೋ ಫ್ಲೆಕ್ಸ್ ಜಾಯಿಂಟು ಒಂದು, ಉಳಿದ ಕಡೆ ರಬ್ಬರ್ ಹ್ಯಾಂಗರ್ ಬೇಕೇ ಬೇಕು, ಚಾಸಿಗೆ ಗಟ್ಟಿಯಾಗಿ ವೆಲ್ಡ್ ಹೊಡೆದ್ರೆ ಎಲ್ಲೋ ಒಂದ್ಕಡೆ ಬಿರುಕು ಬಿಡತ್ತೆ.

ಹಳೇದು ಬಿಚ್ಚೋಕೆ ಹಿಂದಿನ ರಾತ್ರೀನೇ ನಟ್ಟುಗಳಿಗೆ ಪೆನಿಟ್ರೇಟಿಂಗ್ ಆಯಿಲ್ ಹೊಡೆದಿಡಿ, ಬೆಳಗ್ಗೆ ಇನ್ನೊಂದ್ಸಲ. ಜೋರಾಗಿ ತಿರುಗಿಸಿ ಸ್ಟಡ್ ಮುರಿದ್ರೆ ಇಡೀ ದಿನ ಅದಕ್ಕೇ ಹೋಗತ್ತೆ. ವೆಲ್ಡಿಂಗ್ ಶುರು ಮಾಡೋ ಮುಂಚೆ ಬ್ಯಾಟರಿ ನೆಗೆಟಿವ್ ತೆಗೀರಿ, ಇಲ್ಲಾಂದ್ರೆ ಇಸಿಯು ಹೋಗೋ ಚಾನ್ಸ್ ಇದೆ. ಗಾಡೀಲಿ ಬರೀ ಟ್ಯಾಕ್ (ಚುಕ್ಕಿ ವೆಲ್ಡ್) ಹಾಕಿ, ಅಳತೆ ಕೂತ್ಮೇಲೆ ಇಳಿಸಿ ಟೇಬಲ್ ಮೇಲೆ ಟಿಗ್ ವೆಲ್ಡ್ (ಆರ್ಗಾನ್ ಗ್ಯಾಸ್ ಬಿಟ್ಟು ಮಾಡೋ ವೆಲ್ಡಿಂಗ್) ಮಾಡ್ಸಿ, ಪೈಪಿನ ಒಳಗೂ ಆರ್ಗಾನ್ ಬಿಡೋಕೆ ಹೇಳಿ, ಇಲ್ಲಾಂದ್ರೆ ಒಳಗಡೆ ವೆಲ್ಡು ಕರ‍್ರಗೆ ಸಕ್ಕರೆ ಹರಳಿನ ಥರ ಒರಟಾಗತ್ತೆ, ತುಕ್ಕು ಅಲ್ಲಿಂದಾನೇ ಶುರು.

ಪೈಪು ಹೋಗೋ ದಾರಿ ನೀವೇ ಕೆಳಗೆ ಮಲಗಿ ನೋಡಿ. ಮೊದಲನೇ ಸಲ ನಂಗೆ ಮಾಡ್ಕೊಟ್ಟೋರು ಸೈಲೆನ್ಸರನ್ನ ಚಾಸಿಯ ಅಡ್ಡಪಟ್ಟಿ ಅಂದ್ರೆ ಕ್ರಾಸ್ ಮೆಂಬರಿಗಿಂತ ಎರಡು ಬೆರಳು ಕೆಳಗೆ ಇಳಿಬಿಟ್ಟಿದ್ರು, ಹಳ್ಳ ದಾಟುವಾಗ ಒಂದು ಉಂಡೆಕಲ್ಲು ಹ್ಯಾಂಗರ್ ಸಮೇತ ಕಿತ್ಕೊಂಡೋಯ್ತು. ಯಾವ ಭಾಗಾನೂ ಚಾಸಿ ಮಟ್ಟದಿಂದ ಕೆಳಗೆ ಇರ್ಬಾರ್ದು. ಬ್ರೇಕ್ ಲೈನು, ಪೆಟ್ರೋಲ್ ಟ್ಯಾಂಕಿಂದ ಜಾಗ ಬಿಟ್ಟು ಹೋಗ್ಬೇಕು, ಹತ್ರ ಬರೋ ಕಡೆ ಹೀಟ್ ಶೀಲ್ಡ್ ಹಾಕ್ಸಿ. ಸೈಲೆನ್ಸರಿನ ಎಲ್ಲಕ್ಕಿಂತ ತಗ್ಗಿನ ಜಾಗದಲ್ಲಿ 3 ಎಂಎಂ ತೂತು ಒಂದು ಕೊರೆಸಿದ್ರೆ ನಿಂತ ನೀರು ಇಳಿದೋಗತ್ತೆ.

ಹೊಗೆ ಹೊರಗೆ ಬಿಡೋ ಕೊನೇ ತುಂಡು, ಟೈಲ್ ಪೈಪ್ ಬಗ್ಗೆ ದಯವಿಟ್ಟು ಅಸಡ್ಡೆ ಬೇಡ. ಕಲ್ಲಿಗೆ ತಾಗತ್ತೆ ಅಂತ ನಾನು ಅದನ್ನ ಗಿಡ್ಡ ಮಾಡ್ಸಿದ್ದೆ, ಬಾಡಿ ಕೆಳಗೇ ಕೊನೆ ಆಗಿತ್ತು. ಆವತ್ತು ಮಳೆ, ಮುಂದಿನ ಕಿಟಕಿ ಮುಚ್ಚಿ ಹಿಂದಿನ ಟಾರ್ಪಲ್ ಮಾತ್ರ ಎತ್ತಿ ಕಟ್ಟಿದ್ವಿ, ಅರ್ಧ ಗಂಟೇಲಿ ಹಿಂದೆ ಕೂತಿದ್ದ ಮಗಳು ತಲೆ ಸುತ್ತತ್ತೆ ಅಪ್ಪಾ, ವಾಂತಿ ಬರತ್ತೆ ಅಂದ್ಲು. ಘಾಟಿ ತಿರುವು ಅಂದ್ಕೊಂಡೆ, ಅಲ್ಲ. ಗಾಡಿ ಓಡುವಾಗ ಹಿಂದೆ ಗಾಳಿ ಸುಳಿ ಆಗಿ ಹೊಗೇನ ಒಳಕ್ಕೆ ಎಳ್ಕೊಳತ್ತೆ, ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಗೊತ್ತೇ ಆಗಲ್ಲ. ಪೈಪಿನ ತುದಿ ಬಾಡಿ ಅಂಚು ದಾಟಿ ಹೊರಗೆ ಬರ್ಬೇಕು. ಕಲ್ಲಿನ ಭಯ ಇದ್ರೆ ಎತ್ತರಕ್ಕೆ ಎತ್ತಿ, ಗಿಡ್ಡ ಮಾತ್ರ ಮಾಡ್ಬೇಡಿ.

ಎಲ್ಲ ಫಿಟ್ ಆದ್ಮೇಲೆ ತಣ್ಣಗಿರುವಾಗ್ಲೇ ಸ್ಟಾರ್ಟ್ ಮಾಡಿ, ದಪ್ಪ ಬಟ್ಟೆ ಮಡಚಿ ಟೈಲ್ ಪೈಪಿಗೆ ಎರಡು ಕ್ಷಣ ಒತ್ತಿ ಹಿಡೀರಿ, ಜಾಯಿಂಟಲ್ಲಿ ಉಸ್ಸ್ ಅಂದ್ರೆ ಅಲ್ಲಿ ಲೀಕ್, ಸೋಪಿನ ನೀರು ಹಚ್ಚಿದ್ರೆ ಗುಳ್ಳೆ ಕಾಣತ್ತೆ. ಗ್ಯಾಸ್ಕೆಟ್ ಹೊಸದೇ ಹಾಕಿ, ಬೋಲ್ಟಿಗೆ ಕಾಪರ್ ಗ್ರೀಸ್ ಸವರಿ, ಮುಂದೆ ಬಿಚ್ಚುವಾಗ ಸುಲಭ. ಒಂದ್ಸಲ ಚೆನ್ನಾಗಿ ಬಿಸಿ ಆಗಿ ತಣ್ಣಗಾದ್ಮೇಲೆ ಎಲ್ಲ ಬೋಲ್ಟು ಮತ್ತೆ ಟೈಟ್ ಮಾಡಿ, ನೂರು ಕಿಲೋಮೀಟರ್ ಓಡ್ಸಿ ಇನ್ನೊಂದ್ಸಲ. ಬೇಸಿಗೇಲಿ ಗುಡ್ಡದ ಒಣಹುಲ್ಲಿನ ಮೇಲೆ ಗಾಡಿ ನಿಲ್ಲಿಸ್ಲೇಬೇಡಿ, ಬಿಸಿ ಕನ್ವರ್ಟರ್ ತಾಗಿ ಹುಲ್ಲಿಗೆ ಬೆಂಕಿ ಹತ್ಕೊಳತ್ತೆ, ಅದರ ಮೇಲೆ ಸಿಕ್ಕಾಕ್ಕೊಂಡಿರೋ ಹುಲ್ಲನ್ನ ತಣ್ಣಗಾದ್ಮೇಲೆ ಕೋಲಲ್ಲಿ ಕೆರೆದು ತೆಗೀರಿ.