ಹಾಯಿದೋಣಿಯಲ್ಲಿ ಬಿಸಿನೀರು ಬಾರದಿದ್ದರೆ
ಎಂಜಿನ್ ಒಂದು ಗಂಟೆ ಓಡಿದರೂ ನಲ್ಲಿಯಲ್ಲಿ ಉಗುರುಬೆಚ್ಚಗಿನ ನೀರೇ ಬರುತ್ತಿದೆಯೇ? ಎಂಜಿನ್ನಿನ ಬಿಸಿಯಿಂದಲೇ ನೀರು ಕಾಯಿಸುವ ಹೀಟರ್ ಕೆಟ್ಟಿದೆಯೆಂದು ಬಿಚ್ಚಬೇಡಿ. ಎಂಜಿನ್‌ನಿಂದ ಅದಕ್ಕೆ ಹೋಗುವ ಎರಡೂ ಕೊಳವೆಗಳನ್ನು ಎಚ್ಚರಿಕೆಯಿಂದ ಮುಟ್ಟಿ ನೋಡಿ. ಒಂದು ಸುಡುತ್ತಿದ್ದು ಇನ್ನೊಂದು ತಣ್ಣಗಿದ್ದರೆ ಕೂಲಂಟ್, ಅಂದರೆ ಎಂಜಿನ್ನಿನ ಬಿಸಿಯನ್ನು ಹೊತ್ತೊಯ್ಯುವ ದ್ರವ, ಹರಿಯುತ್ತಿಲ್ಲ. ಹೆಚ್ಚಾಗಿ ಒಳಗೆ ಗಾಳಿ ಸಿಕ್ಕಿಕೊಂಡಿರುತ್ತದೆ. ನಮ್ಮ ದೋಣಿಯಲ್ಲಿ ಕೊಳವೆ ಗೂನುಬೆನ್ನಿನಂತೆ ಮೇಲೆದ್ದ ಜಾಗದಲ್ಲೇ ಗಾಳಿ ಕೂತಿತ್ತು. ಎಂಜಿನ್ ಪೂರ್ತಿ ತಣಿದ ಮೇಲೆ ಅತ್ಯಂತ ಎತ್ತರದ ಜೋಡಣೆಯನ್ನು ತುಸು ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಕೂಲಂಟ್ ತುಂಬಿ. ಬಿಸಿಯಿರುವಾಗ ಕೂಲಂಟ್ ತುಂಬುವ ಮುಚ್ಚಳ ತೆರೆಯಲೇಬೇಡಿ! ಲಂಗರು ಹಾಕಿ ಸುಮ್ಮನೆ ಓಡಿಸಿದರೆ ಎಂಜಿನ್ ಸರಿಯಾಗಿ ಕಾಯುವುದಿಲ್ಲ. ಬಂದರಿಗೆ ಬರುವ ದಾರಿಯಲ್ಲೇ ನೀರು ಕಾಯಿಸಿಕೊಳ್ಳಿ. ಹರಿವು ಸರಿಯಾದರೆ ನೀರು 80 ಡಿಗ್ರಿಯ ಆಸುಪಾಸಿಗೂ ಏರಬಹುದು. ಆದ್ದರಿಂದ ತಣ್ಣೀರು ಬೆರೆಸುವ ಥರ್ಮೋಸ್ಟಾಟಿಕ್ ಕವಾಟ ಇರಲೇಬೇಕು, ಮಕ್ಕಳಿರುವ ದೋಣಿಯಲ್ಲಂತೂ ಖಂಡಿತ.